ನಲವತ್ತಾರನೇ ಸಾಲಿನ ಕಿಟಕಿ ಸೀಟು

ಲೋಸ್ಕೊಪ್
೧೧ ಜೂನ್ ೨೦೧೮

ಮೈದುನ ಝೆಂಝೆಲೆಗೆ,

ಗಂಡ ಸತ್ತು ಕಪ್ಪು ಉಟ್ಟವಳು ವರ್ಷ ತುಂಬುವ ತನಕ ದನಿ ಎತ್ತಬಾರದು. ಈ ಗುಡ್ಡದ ಮೇಲೆ ಫೋನಿನಲ್ಲಿ ಕೂಗದೆ ಏನೂ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಂಗಳವಾರ ಜೋಹಾನ್ಸ್‌ಬರ್ಗಿಗೆ ಬರುವ ಟ್ಯಾಕ್ಸಿಯ ಡುಮಿಸಾನಿ ಇದನ್ನು ತಲುಪಿಸುತ್ತಾನೆ. ಉತ್ತರವನ್ನೂ ಅವನ ಕೈಗೇ ಕೊಡು.

ನೀನು ನಿನ್ನ ಅಣ್ಣನನ್ನು ಕರೆತಂದು ಇವತ್ತಿಗೆ ಒಂಬತ್ತು ದಿನ. ಅವರ ಜೀವವನ್ನು ಹೊತ್ತು ತಂದ ಮುಳ್ಳಿನ ಕೊಂಬೆ ದೊಡ್ಡ ಗುಡಿಸಲಿನಲ್ಲಿ, ಹಿರಿಯರ ಜಾಗದಲ್ಲಿ, ನೀನು ಇಟ್ಟಂತೆಯೇ ಇದೆ. ನೀನು ಹೊರಟ ಮೇಲೆ ಚಿಕ್ಕಪ್ಪ ಅದರ ಎಲೆಗಳನ್ನು ಮೇಕೆಯ ಮುಂದೆ ಹಿಡಿದರು. ಮೇಕೆ ಮೂಸಿ ಮುಖ ತಿರುಗಿಸಿತು. ಇನ್ನೊಮ್ಮೆ ಹಿಡಿದರು. ಆಗಲೂ ತಿನ್ನಲಿಲ್ಲ. ಮೇಕೆ ತಿಂದರೆ ತಾನೇ ಸತ್ತವರು ಮನೆ ಸೇರಿದರೆಂದು ಅರ್ಥ.

"ಹೊಟ್ಟೆ ತುಂಬಿದೆ ಮುಂಡೇದಕ್ಕೆ. ಬೆಳಗ್ಗೆಯಿಂದ ಜೋಳದ ದಂಟು ಮೇದಿದೆ," ಎಂದರು ಚಿಕ್ಕಪ್ಪ. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಫೆಬ್ರವರಿಯಲ್ಲಿ ಅವರ ದೇಹ ವಿಮಾನದ ಹೊಟ್ಟೆಯಲ್ಲಿ ಪೆಟ್ಟಿಗೆಯಾಗಿ ಬಂತು. ದನದ ದೊಡ್ಡಿಯ ಪಕ್ಕ ಮಣ್ಣು ಮಾಡಿದೆವು. ಆದರೆ ಹ್ಯಾಂಬರ್ಗಿನ ಹಡಗುಕಟ್ಟೆಯಲ್ಲಿ ಬಿದ್ದು ಸತ್ತ ಮನುಷ್ಯ, ತನ್ನವನೊಬ್ಬ ಹೋಗಿ ಹೆಸರು ಹಿಡಿದು ಕರೆಯುವ ತನಕ ಬಿದ್ದ ಜಾಗದಲ್ಲೇ ನಿಂತಿರುತ್ತಾನೆ. ಹಾಗೆಂದೇ ನೀನು ಹೋದೆ. ನಿನಗೊಂದು, ಅವರಿಗೊಂದು ಸೀಟು ತೆಗೆಸಿದೆ. ದಾರಿಯಲ್ಲಿ ಬೇರೆ ಯಾರೊಂದಿಗೂ ಮಾತಾಡದೆ, ಒಂದೊಂದು ನದಿ ದಾಟುವಾಗಲೂ ಅವರಿಗೆ ಹೇಳುತ್ತ ಕರೆತರಬೇಕಿತ್ತು. ಇದೆಲ್ಲ ನಿನಗೆ ಗೊತ್ತಿರುವುದೇ. ಬರೆದರೆ ನನಗೆ ಸಮಾಧಾನ, ಅದಕ್ಕೆ ಬರೆದೆ.

ಮೂರು ಸಲ ಒಂದೇ ಕನಸು ಬಿತ್ತು. ಉದ್ದನೆಯ ಕೋಣೆ, ಸಾಲುಸಾಲು ಕುರ್ಚಿ, ಎಲ್ಲದರಲ್ಲೂ ಜನ. ನಿನ್ನ ಅಣ್ಣ ಕೈಯಲ್ಲೊಂದು ಚೀಟಿ ಹಿಡಿದು ಕುರ್ಚಿಯ ಸಂಖ್ಯೆ ಹುಡುಕುತ್ತಿದ್ದಾರೆ. ಯಾರೂ ತಲೆ ಎತ್ತುವುದಿಲ್ಲ.

ಅತ್ತೆಯ ಕಾಲಿನ ಊತ ಮಂಡಿ ದಾಟಿದೆ. ಎದೆಯಲ್ಲಿ ನೀರು ತುಂಬಿದೆಯಂತೆ. ದಿನವೂ ಮಗನ ಬಗ್ಗೆ ಒಂದೇ ಪ್ರಶ್ನೆ: "ವೆಲಾಫಿ ಮನೇಲಿದಾನೇನೇ? ನಾನು ಆ ಕಡೆ ಹೋದಾಗ ಬಾಗಿಲು ತೆಗೆಯೋರು ಯಾರು ಅಂತ ಗೊತ್ತಾಗ್ಬೇಕು ನಂಗೆ." ನೀನು ಅವರನ್ನು ಹೇಗೆ ಕರೆತಂದೆ, ಎಲ್ಲೆಲ್ಲಿ ಏನು ಹೇಳಿದೆ, ಎಲ್ಲವನ್ನೂ ಬರೆ. ಅತ್ತೆಗೆ ಓದಿ ಹೇಳುತ್ತೇನೆ.

ನಿನ್ನ ಅತ್ತಿಗೆ,
ಬಲುಂಗಿಲೆ


ಜೋಹಾನ್ಸ್‌ಬರ್ಗ್
೧೬ ಜೂನ್ ೨೦೧೮

ಪ್ರೀತಿಯ ಅತ್ತಿಗೆಗೆ,

ಅಮ್ಮನಿಗೆ ಹೇಳಿ, ಮಗ ಚೆನ್ನಾಗಿ ಬಂದ ಎಂದು.

ಹಡಗುಕಟ್ಟೆಯ ಕಾವಲುಗಾರ ನನ್ನನ್ನು ಅಣ್ಣ ಬಿದ್ದ ಜಾಗಕ್ಕೆ ಕರೆದೊಯ್ದ. ಕೊಂಬೆಯನ್ನು ನೆಲಕ್ಕೆ ಮುಟ್ಟಿಸಿ, ನಮ್ಮ ಕುಲದ ಹೆಸರು ಹಿಡಿದು, "ಭುಂಗಾನೆ, ಮ್ಥಿಮ್ಖುಲು, ಏಳು. ಮನೆಗೆ ಹೋಗೋಣ," ಎಂದೆ. ರೈಲಿನಲ್ಲಿ ಎಲ್ಬೆ ನದಿ ದಾಟುವಾಗ ಹೇಳಿದೆ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಹತ್ತಿದೆವು. ನಲವತ್ತಾರನೇ ಸಾಲು, ಕಿಟಕಿ ಅವನದು, ಪಕ್ಕದ್ದು ನನ್ನದು. ಸಮುದ್ರ ಬಂದಾಗ, "ಇದು ಉಪ್ಪುನೀರು, ಹೆದರಬೇಡ," ಎಂದೆ. ಮರಳುಗಾಡು ಬಂದಾಗ, "ಇನ್ನು ನಮ್ಮ ನೆಲ," ಎಂದೆ. ಆಮೇಲೆ ಕಾಂಗೋ, ಆಮೇಲೆ ಜಾಂಬೆಜಿ. ಲಿಂಪೊಪೊ ದಾಟುವಾಗ ಬೆಳಕು ಹರಿಯಿತು. ಕಾಲು ಚಾಚಿ ಕೂತು ಇಬ್ಬರೂ ಸೂರ್ಯ ಮೂಡುವುದನ್ನು ನೋಡಿದೆವು.

ಮೇಕೆಯ ವಿಷಯದಲ್ಲಿ ಚಿಕ್ಕಪ್ಪ ಹೇಳಿದ್ದೇ ಸರಿ. ಎಲೆ ನಾಲ್ಕು ದಿನದ್ದು, ಒಣಗಿತ್ತು.

ಮುಂದಿನ ವಾರ ಪಂಪು ಪರೀಕ್ಷೆಗೆಂದು ಕಂಪನಿ ನನ್ನನ್ನು ಚಿಲಿಗೆ ಕಳಿಸುತ್ತಿದೆ. ನಿಮ್ಮ ಮಗಳು ಅನೆಲೆಗೆ ಈ ಚಿಕ್ಕಪ್ಪನ ಮುತ್ತು.

ನಿಮ್ಮ ಮೈದುನ,
ಝೆಂಝೆಲೆ


ಲೋಸ್ಕೊಪ್
೨೫ ಜೂನ್ ೨೦೧೮

ಝೆಂಝೆಲೆ,

ನಿನ್ನ ಪತ್ರವನ್ನು ಅತ್ತೆ ಮೂರು ಸಲ ಓದಿಸಿದರು. ಜಾಂಬೆಜಿಯ ಹತ್ತಿರ ಅತ್ತರು. ಅಂದು ಎರಡು ಹೊತ್ತೂ ಗಂಜಿ ಕುಡಿದರು.

ನಾನು ನಾಲ್ಕನೆಯ ಸಲ ಒಬ್ಬಳೇ ಓದಿಕೊಂಡೆ.

ಕಾಲು ಚಾಚಿ ಕೂತೆವು ಎಂದು ಬರೆದಿದ್ದೀಯ. ಇಲ್ಲಿಂದ ಕೊನೆಯ ಸಲ ಹೊರಡುವಾಗ ನಿನ್ನ ಅಣ್ಣ ಅಂಗಳದಲ್ಲಿ ನಿಂತು ಏನೆಂದರು, ನೆನಪಿದೆಯೇ? "ಈ ಮಂಡಿ ಎರಡನ್ನೂ ಬಿಚ್ಚಿ ಸೂಟ್‌ಕೇಸಲ್ಲಿ ಹಾಕಿಬಿಡ್ತೀನಿ ಕಣೋ. ಹಿಂದಿನ ಸೀಟಲ್ಲಿ ಅವಕ್ಕೆ ಜಾಗ ಇಲ್ಲ!" ನಲವತ್ತಾರನೇ ಸಾಲಿನಲ್ಲಿ ಯಾರೂ ಕಾಲು ಚಾಚುವುದಿಲ್ಲ.

ಆ ದಿನ ನೀನು ಟ್ಯಾಕ್ಸಿ ಇಳಿದಾಗ ನಿನ್ನ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಕಣ್ಣು ಕೆಂಪಾಗಿರಲಿಲ್ಲ. ದುಃಖದಲ್ಲೂ ಹುಡುಗ ಗಟ್ಟಿ ಎಂದುಕೊಂಡೆ.

ಅನೆಲೆ ಈಗ ಒಂದು ಪುಟ್ಟ ಚೀಲ ಹಿಡಿದು ಆಡುತ್ತಾಳೆ. ನಿನ್ನ ಬ್ಯಾಗಿನಿಂದ ತೆಗೆದುಕೊಂಡಿದ್ದಂತೆ. ಒಳಗೆ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ, ಬೆರಳುದ್ದದ ಕ್ರೀಮು. ಪಟ್ಟಿಯನ್ನು ಗೊಂಬೆಗೆ ಕಟ್ಟಿ, "ಮಲಕ್ಕೋ, ಚಿಕ್ಕಪ್ಪ ಥರ ಮಲಕ್ಕೋ," ಎನ್ನುತ್ತಾಳೆ. ಇಂಥ ಚೀಲ ವಿಮಾನದಲ್ಲಿ ಯಾವ ಕಡೆ ಕೊಡುತ್ತಾರೆಂದು ನೀನೇ ಎಷ್ಟೋ ಸಲ ಹೇಳಿ ನಮ್ಮನ್ನೆಲ್ಲ ನಗಿಸಿದ್ದೀಯ.

ಕನಸು ನಿಂತಿಲ್ಲ.

ಅತ್ತಿಗೆ


ಜೋಹಾನ್ಸ್‌ಬರ್ಗ್
೨ ಜುಲೈ ೨೦೧೮

ಅತ್ತಿಗೆ,

ಚಿಲಿಯಿಂದ ನಿನ್ನೆ ಬಂದೆ. ನಿಮ್ಮ ಪತ್ರ ಡುಮಿಸಾನಿಯ ಹತ್ತಿರ ಕಾಯುತ್ತಿತ್ತು.

ನಿಜ ಬರೆಯುತ್ತೇನೆ. ಅಮ್ಮನಿಗೆ ಓದಬೇಡಿ.

ಟಿಕೆಟ್ ತೆಗೆಯುವಾಗ, ಪಯಣ ಮಾಡಿ ಮಾಡಿ ಕೂಡಿದ ಮೈಲಿ ಅಂಕ ಕೊಟ್ಟು ಬಿಸಿನೆಸ್ ಕ್ಲಾಸಿಗೆ ಹೋಗಲು ಇಷ್ಟವೇ ಎಂದು ಕೇಳುವ ಒಂದು ಚೌಕವಿರುತ್ತದೆ. ಅದಕ್ಕೆ ಗುರುತು ಹಾಕುವುದು ನನಗೆ ಹನ್ನೊಂದು ವರ್ಷದ ಅಭ್ಯಾಸ. ಅಣ್ಣನ ಪಯಣಕ್ಕೂ ಹಾಗೆಯೇ ಹಾಕಿದ್ದೆ, ಯೋಚಿಸದೆ. ಫ್ರಾಂಕ್‌ಫರ್ಟಿನ ಗೇಟಿನಲ್ಲಿ ಯಂತ್ರ ಕೀಂ ಎಂದಿತು. ಅಲ್ಲಿದ್ದ ಹೆಂಗಸು ನಕ್ಕು, "ಶುಭಸುದ್ದಿ, ಮಿಸ್ಟರ್ ಹಾಡೆಬೆ. ನಿಮಗೆ ಮುಂದೆ ಸೀಟು ಸಿಕ್ಕಿದೆ," ಎಂದಳು. ನನ್ನ ಎರಡು ಚೀಟಿಗಳನ್ನೂ ತೆಗೆದುಕೊಂಡು ಹರಿದಳು. ಹೊಸದೊಂದು ಕೊಟ್ಟಳು. ಒಂದೇ ಒಂದು. ಮೈಲಿ ನನ್ನ ಹೆಸರಿನಲ್ಲಿದೆ, ಮುಂದಕ್ಕೆ ಹೋಗುವುದು ನಾನು ಮಾತ್ರ. ಅಣ್ಣನದು ಅವರ ಲೆಕ್ಕಕ್ಕೆ ಖಾಲಿ ಸೀಟು. ಅದನ್ನು ಕಾಯುತ್ತಿದ್ದ ಯಾರಿಗೋ ಕೊಟ್ಟರು.

ನಾನು ಏನು ಮಾಡಲಿ? ಕೊಂಬೆ ಹಿಡಿದವನು ಬಾಯಿ ಬಿಡುವಂತಿಲ್ಲ. ಹಿಂದೆ ಉದ್ದನೆಯ ಸಾಲು. ಹೋದೆ. ಒಳಗೆ ಪರಿಚಾರಿಕೆ ಕೊಂಬೆಯಿದ್ದ ಕೊಳವೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಕೋಟುಗಳ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದಳು. ಆಗಲೂ ಬಾಯಿ ಬಿಡುವಂತಿರಲಿಲ್ಲ.

ಸಂಪ್ರದಾಯವೇ ನನ್ನ ನಾಲಿಗೆ ಕಟ್ಟಿತು ಅತ್ತಿಗೆ. ಬೇರೆ ಏನೂ ಅಲ್ಲ.

ಝೆಂಝೆಲೆ


ಲೋಸ್ಕೊಪ್
೯ ಜುಲೈ ೨೦೧೮

ಝೆಂಝೆಲೆ,

ಮಾತಾಡಬಾರದು, ಸರಿ. ತಲೆ ಅಲ್ಲಾಡಿಸಬಾರದು ಎಂದು ಯಾರು ಹೇಳಿದರು?

ಬಲುಂಗಿಲೆ


ಲೋಸ್ಕೊಪ್
೨೩ ಜುಲೈ ೨೦೧೮

ಝೆಂಝೆಲೆ,

ಎರಡು ವಾರದಿಂದ ಡುಮಿಸಾನಿ ಬರಿಗೈಯಲ್ಲಿ ಬರುತ್ತಿದ್ದಾನೆ. "ಅವರು ಬಾಗಿಲೇ ತೆಗೀಲಿಲ್ಲ ಅಕ್ಕಾ, ಒಳಗೆ ಟಿವಿ ಮಾತ್ರ ಓಡ್ತಿತ್ತು," ಎಂದ.

ಅತ್ತೆಗೆ ಈಗ ಮಲಗಲಾಗುವುದಿಲ್ಲ. ದಿಂಬಿಗೆ ಒರಗಿ ಕೂತೇ ಇರುತ್ತಾರೆ. ಜಾಂಬೆಜಿಯ ಪತ್ರ ದಿಂಬಿನಡಿಯಲ್ಲಿದೆ. ನಿನ್ನ ಮೇಲಿನ ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ. ಈಗ ಏನು ಮಾಡಬೇಕೆಂದು ಹೇಳು.

ಬಲುಂಗಿಲೆ


ಜೋಹಾನ್ಸ್‌ಬರ್ಗ್
೩೦ ಜುಲೈ ೨೦೧೮

ಅತ್ತಿಗೆ,

ತಲೆ ಅಲ್ಲಾಡಿಸಬಹುದಿತ್ತು. ಆ ಹೆಂಗಸು ಚೀಟಿ ಹರಿಯುವ ಮುಂಚೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಅಷ್ಟು ಸಮಯ ಸಾಕಿತ್ತು.

ಮೂರು ದಿನದಿಂದ ನಿದ್ದೆಯಿರಲಿಲ್ಲ, ಸೊಂಟ ಹಿಡಿದುಕೊಂಡಿತ್ತು. ಆದರೆ ಅದೂ ಕಾರಣವಲ್ಲ. ಅವಳು ನನ್ನ ಹೆಸರು ಹಿಡಿದು ಕರೆದಳು, ಉಳಿದವರನ್ನು ನಿಲ್ಲಿಸಿ ನನಗೆ ದಾರಿ ಬಿಟ್ಟಳು. ನನಗೆ ಸಂತೋಷವಾಯಿತು. ಅಣ್ಣನನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ, ಆದರೂ ಸಂತೋಷವಾಯಿತು.

ಕಪಾಟಿನ ಬಾಗಿಲು ಮುಚ್ಚಿದ ಮೇಲೆ ನಾನು ಎದ್ದು ತೆಗೆಯಬಹುದಿತ್ತು. ವೈನ್ ಕೊಟ್ಟರು, ಕುಡಿದೆ. ಕುರಿಮಾಂಸ ಕೊಟ್ಟರು, ತಿಂದೆ. ಗುಂಡಿ ಒತ್ತಿದರೆ ಕುರ್ಚಿ ಹಾಸಿಗೆಯಾಗುತ್ತದೆ. ಸಮುದ್ರ ಬರಲಿ, ಆಗ ಎದ್ದು ಹೇಳುತ್ತೇನೆ ಎಂದುಕೊಂಡು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೆ. ಎಚ್ಚರವಾದಾಗ ವಿಮಾನ ಇಳಿಯುತ್ತಿತ್ತು. ಸಮುದ್ರ, ಮರಳುಗಾಡು, ಕಾಂಗೋ, ಜಾಂಬೆಜಿ, ಲಿಂಪೊಪೊ ಎಲ್ಲ ಹಿಂದೆ ಉಳಿದಿದ್ದವು. ನಾನು ಒಂದು ಮಾತನ್ನೂ ಹೇಳಿರಲಿಲ್ಲ. ನಿಮಗೆ ಬರೆದ ಮಾತುಗಳೆಲ್ಲ ಆಮೇಲೆ ಮೇಜಿನ ಮುಂದೆ ಕೂತು ಕಟ್ಟಿದವು.

ಇನ್ನೊಂದು ಉಳಿದಿದೆ. ಜನವರಿಯಲ್ಲಿ ಅಣ್ಣನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವನು ನಾನು. ದಾರಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೇಳಿದ: "ಏ ಮೈಲಿ ಸಾಹುಕಾರ, ನಿನ್ನ ಮೈಲಿ ಹಾಕಿ ನನ್ನನ್ನೂ ಒಂದ್ಸಲ ಮಲಗಿಸ್ಕೊಂಡು ಕಳಿಸೋ. ಹೆಂಡತಿ ತರೋಕೆ ಮಾವನಿಗೆ ತೆರದ ಹಸು ಬದಲು ಮೈಲೀನೇ ಕೊಡ್ತೀಯಾ?" ನಕ್ಕೆ. ಮಾರ್ಚಿನಲ್ಲಿ ನನಗೆ ಚಿಲಿಯ ಪಯಣವಿತ್ತು, ಅದಕ್ಕೆಂದು ಕೂಡಿಟ್ಟಿದ್ದೆ. "ಮುಂದಿನ ಸಲ," ಎಂದೆ.

ಅವನು ಹೋದದ್ದು ಕೂತುಕೊಂಡು. ಬಂದದ್ದು ಮಲಗಿಕೊಂಡು, ಕೆಳಗೆ ಸಾಮಾನಿನ ಜೊತೆ.

ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ. ಶನಿವಾರ ಬರುತ್ತೇನೆ.

ಝೆಂಝೆಲೆ


ಲೋಸ್ಕೊಪ್
೨೦ ಆಗಸ್ಟ್ ೨೦೧೮

ಝೆಂಝೆಲೆ,

ಅತ್ತೆಯನ್ನು ಮಣ್ಣು ಮಾಡಿದ ದಿನ ನಾನು ನಿನ್ನೊಂದಿಗೆ ಮಾತಾಡಲಿಲ್ಲ. ಕಪ್ಪು ಉಟ್ಟವಳ ಮೌನವೆಂದು ಜನ ತಿಳಿದರು. ನೀನು ಹಾಗೆ ತಿಳಿಯಲಿಲ್ಲ ಎಂದು ನನಗೆ ಗೊತ್ತು.

ನೀನು ಶನಿವಾರ ಮಧ್ಯಾಹ್ನ ಬಂದೆ. ಅತ್ತೆ ಶುಕ್ರವಾರ ಬೆಳಗ್ಗೆ ಹೋದರು. ಆ ಬೆಳಗ್ಗೆ ನಾನು ಬಾಯಿಗೆ ಚಹಾ ಹಾಕುತ್ತಿದ್ದೆ. ಕೈ ಹಿಡಿದುಕೊಂಡು ಕೇಳಿದರು: "ನಿಜ ಹೇಳು ಮಗಳೇ. ನಂಗೇನೂ ಆಗಲ್ಲ. ವೆಲಾಫಿ ಮನೇಲಿದಾನಾ?"

ನಿನ್ನ ಪತ್ರ ಗುರುವಾರವೇ ನನ್ನ ಕೈಸೇರಿತ್ತು. ಆಗ ಅದು ನನ್ನ ಎದೆಯ ಹತ್ತಿರ, ಬಟ್ಟೆಯೊಳಗೆ ಇತ್ತು.

"ಇದಾರೆ ಅತ್ತೆ," ಎಂದೆ. "ಒಳಗೇ ಇದಾರೆ. ನಿಮಗೋಸ್ಕರ ಕಾಯ್ತಿದಾರೆ."

"ಹಾಗಾದ್ರೆ ಸರಿ," ಎಂದರು. ಚಹಾ ಪೂರ್ತಿ ಕುಡಿಯಲಿಲ್ಲ.

ಆದ್ದರಿಂದ ಇನ್ನು ಮೇಲೆ ನಿನ್ನೊಬ್ಬನನ್ನೇ ದೂರುವ ಹಕ್ಕು ನನಗಿಲ್ಲ. ಮಗ ಬಾಗಿಲು ತೆಗೆಯುತ್ತಾನೆಂದು ನಂಬಿ ಹೋದ ಮುದುಕಿಯನ್ನು ಕಳಿಸಿಕೊಟ್ಟವಳು ನಾನು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಮೊನ್ನೆ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ಆಮೇಲೆ, "ಅವನೀಗ ಹ್ಯಾಂಬರ್ಗಲ್ಲಿಲ್ಲ. ಅಲ್ಲಿಂದ ಎಬ್ಬಿಸಿ ಆಯ್ತಲ್ಲ. ಎಲ್ಲಿ ತಮ್ಮ ಅವನ ಜೊತೆ ಮಾತು ನಿಲ್ಲಿಸಿದನೋ ಅಲ್ಲೇ ನಿಂತಿದಾನೆ, ಪಾಪ. ಅಲ್ಲಿಗೇ ಹೋಗ್ಬೇಕು," ಎಂದರು.

"ಅದು ವಿಮಾನದ ಗೇಟು ಚಿಕ್ಕಪ್ಪ. ಟಿಕೆಟ್ ಇಲ್ಲದೆ ಒಳಗೆ ಬಿಡಲ್ಲ," ಎಂದೆ.

"ಹಾಗಾದ್ರೆ ಅವನೂ ಹೊರಗೆ ಬರೋಕಾಗ್ತಿಲ್ಲ," ಎಂದರು.

ವರ್ಷ ತುಂಬಿದರೂ, ನಿನ್ನ ಅಣ್ಣ ಬರುವ ತನಕ ನಾನು ಈ ಕಪ್ಪು ತೆಗೆಯುವಂತಿಲ್ಲ. ಅದು ದೊಡ್ಡ ಮಾತಲ್ಲ. ಅವರು ಚೀಟಿ ಹಿಡಿದು ನಿಂತಿರುವುದನ್ನು ಮಾತ್ರ ಇನ್ನು ನೋಡಲಾರೆ.

ಬಲುಂಗಿಲೆ


ಜೋಹಾನ್ಸ್‌ಬರ್ಗ್
೩ ಸೆಪ್ಟೆಂಬರ್ ೨೦೧೮

ಅತ್ತಿಗೆ,

ಇಪ್ಪತ್ತನೇ ತಾರೀಕು ಹೊರಡುತ್ತೇನೆ. ಅದೇ ವಿಮಾನ, ಅದೇ ಸಾಲು, ಅದೇ ಎರಡು ಸೀಟು ಸಿಗುವ ದಿನವನ್ನು ಹುಡುಕಿ ತೆಗೆಸಿದೆ. ಗೇಟು ಮಾತ್ರ ಯಾವುದೆಂದು ಅಂದೇ ಗೊತ್ತಾಗುವುದು. ಬೇರೆಯಾದರೆ ಮೊದಲು ಹಳೆಯ ಗೇಟಿಗೆ ಹೋಗಿ ಕರೆದುಕೊಂಡು ಬರುತ್ತೇನೆ. ಚೌಕಕ್ಕೆ ಗುರುತು ಹಾಕಲಿಲ್ಲ. ಮೂರು ಸಲ ತೆರೆದು ನೋಡಿದೆ.

ಹೊಸ ಕೊಂಬೆಯನ್ನು ಚಿಕ್ಕಪ್ಪ ಕಡಿದು ಡುಮಿಸಾನಿಯ ಕೈಲಿ ಕಳಿಸಲಿ. ಆ ಮರದ ಮುಳ್ಳು ಜೋಡಿಯಾಗಿರುತ್ತದೆ. ಒಂದು ಮುಂದಕ್ಕೆ ನೇರ, ಇನ್ನೊಂದು ಹಿಂದಕ್ಕೆ ಕೊಕ್ಕೆ. ಚಿಕ್ಕವರಾಗಿದ್ದಾಗ ಅಣ್ಣ ಅದನ್ನು ನನಗೆ ತೋರಿಸಿದ್ದ. ನನ್ನ ಅಂಗಿ ಸಿಕ್ಕಿಕೊಂಡಾಗ, "ಎಳೀಬೇಡ್ವೋ, ಹರಿಯುತ್ತೆ. ಒಂದು ಹೆಜ್ಜೆ ಹಿಂದಕ್ಕೆ ಬಾ," ಎಂದಿದ್ದ.

ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ಅಮ್ಮ ಹೋದದ್ದು ಅವನಿಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ನಾನು ಅವನೊಂದಿಗೆ ಮಾತಾಡಬೇಕು, ಈ ಸಲ ಸುಳ್ಳು ಹೇಳಬಾರದು. ಯಾವ ನದಿಯ ಹತ್ತಿರ ಹೇಳಲಿ?

ಝೆಂಝೆಲೆ


ಲೋಸ್ಕೊಪ್
೧೦ ಸೆಪ್ಟೆಂಬರ್ ೨೦೧೮

ಝೆಂಝೆಲೆ,

ಕೊಂಬೆ ಕಳಿಸಿದೆ. ಮಳೆ ಹನಿದಿದ್ದರಿಂದ ಎಲೆ ಚೆನ್ನಾಗಿದೆ.

ದಾರಿಯಲ್ಲಿ ಹೇಳಬೇಡ. ನಡುದಾರಿಯಲ್ಲಿರುವವನಿಗೆ ಸಾವಿನ ಸುದ್ದಿ ಹೇಳಿದರೆ ಅವನು ಅಲ್ಲೇ ಕೂತುಬಿಡುತ್ತಾನೆ. ಮನೆಗೆ ಕರೆದುಕೊಂಡು ಬಾ. ನೀರು ಕೊಟ್ಟು ಕೂರಿಸಿ ನಾನು ಹೇಳುತ್ತೇನೆ. ಅತ್ತೆಗೆ ನಾನು ಹೇಳಿದ್ದನ್ನೂ ಹೇಳುತ್ತೇನೆ. ಅದು ನನ್ನ ಪಾಲಿನ ಕೆಲಸ.

ಕೇಳಿದರೆ ಸುಳ್ಳು ಹೇಳಬೇಡ. ಬೇರೆ ಏನನ್ನಾದರೂ ತೋರಿಸು.

ಬಲುಂಗಿಲೆ


ವಿಮಾನದಲ್ಲಿ, ನಲವತ್ತಾರನೇ ಸಾಲು
೨೨ ಸೆಪ್ಟೆಂಬರ್ ೨೦೧೮

ಅತ್ತಿಗೆ,

ಬಾಯಿ ಅಣ್ಣನಿಗೆ ಮಾತ್ರ. ಕೈಗೆ ನಿಷೇಧವಿಲ್ಲ ಎಂದುಕೊಂಡು ನಡುನಡುವೆ ಬರೆಯುತ್ತಿದ್ದೇನೆ. ನಾನೇ ತಂದುಕೊಡುತ್ತೇನೆ.

ಗೇಟು ಅದೇ ಆಗಿತ್ತು. ಎರಡು ಗಂಟೆ ಮುಂಚೆ ಹೋಗಿ, ಸಾಲಿನ ತುದಿಯಲ್ಲಿ ಕೊಂಬೆಯನ್ನು ನೆಲಕ್ಕೆ ಮುಟ್ಟಿಸಿ ಕರೆದೆ. "ಭುಂಗಾನೆ, ನಾನು ಕಣೋ. ತಡವಾಯ್ತು." ಜನ ನೋಡಿದರು. ಒಬ್ಬಳು ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು.

ವಿಮಾನ ಹತ್ತುವಾಗ ಯಂತ್ರ ಮತ್ತೆ ಕೀಂ ಎಂದಿತು. ಮುಂದಿನ ಸೀಟು ಬೇಕೆಂದು ನಾನು ಕೇಳಿರಲಿಲ್ಲ. ಹಿಂದೆ ಜನ ಹೆಚ್ಚಾಗಿದ್ದಾರೆ, ಪದೇ ಪದೇ ಹಾರುವ ಚಿನ್ನದ ಕಾರ್ಡಿನವರನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತಿದ್ದೇವೆ ಎಂದ ಅಲ್ಲಿದ್ದವನು. ತಲೆ ಅಲ್ಲಾಡಿಸಿದೆ. "ಸರ್, ಮೈಲಿ ಏನೂ ಖರ್ಚಾಗುವುದಿಲ್ಲ." ಅಲ್ಲಾಡಿಸಿದೆ. "ಹತ್ತೂವರೆ ಗಂಟೆ ಪಯಣ ಸರ್, ನಿಜಕ್ಕೂ ಬೇಡವೇ?" ಎರಡು ಚೀಟಿಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟೇ ಇತ್ತು ಅತ್ತಿಗೆ. ಇಷ್ಟೇ ಸಾಕಿತ್ತು, ಜೂನಿನಲ್ಲಿ.

ಕೊಳವೆಯನ್ನು ಮೇಲಿಡಬೇಕೆಂದು ಪರಿಚಾರಕ ಕೈ ಚಾಚಿದ. ಎರಡನೆಯ ಚೀಟಿ ತೋರಿಸಿದೆ. ಅವನು ಕೊಂಬೆಯನ್ನು ನೋಡಿದ, ನನ್ನನ್ನು ನೋಡಿದ, ಬಾಗಿ ಕಿಟಕಿ ಸೀಟಿನ ಬೆಲ್ಟನ್ನು ತಾನೇ ಬಿಗಿದ. ಆಮೇಲೆ ಇಬ್ಬರಿಗೂ ನೀರು ತಂದಿಟ್ಟ.

ಸಮುದ್ರದ ಬಗ್ಗೆ ಹೇಳಿದೆ. ಮರಳುಗಾಡಿನ ಬಗ್ಗೆ ಹೇಳಿದೆ. ಅದು ಎಷ್ಟು ಉದ್ದವೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷವೂ ಅದರ ಮೇಲೆ ಮಲಗಿಕೊಂಡೇ ಹೋಗಿದ್ದೇನೆ. ಕಾಂಗೋ ಬಂದಾಗ ಮಂಡಿ ಮರಗಟ್ಟಿತ್ತು. ಅಣ್ಣನ ಮಂಡಿ ನೆನಪಾಯಿತು. ಆ "ಮುಂದಿನ ಸಲ" ಎಂದದ್ದನ್ನು ಅಲ್ಲೇ ಹೇಳಿ ತಪ್ಪೊಪ್ಪಿಕೊಂಡೆ. ಕಪಾಟಿನ ವಿಷಯವನ್ನೂ ಹೇಳಿದೆ.

ಈಗ ಜಾಂಬೆಜಿ ದಾಟಿದೆವು. ನಿದ್ದೆ ಮಾಡಿಲ್ಲ.

ಕಿಟಕಿಯ ಅಂಚಿನಲ್ಲಿ ಬೆಳಕು ಬರುತ್ತಿದೆ. ಒಂದು ಎಲೆ ಉದುರಿ ನನ್ನ ತೊಡೆಯ ಮೇಲೆ ಬಿತ್ತು. ಆಗ ಅಣ್ಣ ಕೇಳಿದ, ಅತ್ತಿಗೆ. ದನಿ ಕೇಳಿಸಿತು ಎನ್ನಲಾರೆ, ಆದರೆ ಕೇಳಿದ. ಊರು ಹತ್ತಿರವಾದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ ಅಲ್ಲವೇ? ಅಮ್ಮ ಹೇಗಿದ್ದಾಳೆ ಎಂದು.

ಕಿಟಕಿಯ ಕಡೆ ಕೈ ತೋರಿಸಿದೆ.

"ಅಗೋ ನೋಡು," ಎಂದೆ, "ಲಿಂಪೊಪೊ."

ಝೆಂಝೆಲೆ